ಬಾಯಿ ತೆಗಿ ತಮ್ಮಾ

ನಮ್ಮ ಕಾಕಾ ಹುಮನಾಬಾದ್–ಬಸವಕಲ್ಯಾಣ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಈಗ ಟಿಕೆಟ್ ಬದಲು ಮದ್ದು ಹರಿದುಕೊಡುತ್ತಾರೆ. ಅವರ ಔಷಧ ಭಂಡಾರ ಸ್ಟಾಪುವಾರಿ ಜೋಡಿಸಿದ್ದು. ಮಂಡಿನೋವಿಗೆ ಸಸ್ತಾಪುರ ಬಂಗ್ಲಾದಲ್ಲಿ ಹತ್ತುತ್ತಿದ್ದ ಮುದುಕಿಯದು, ಕೆಮ್ಮಿಗೆ ಮಾಣಿಕನಗರಕ್ಕೆ ಹೊರಟಿದ್ದ ಯಾರೋ ಭಕ್ತರದು, ಹಲ್ಲುನೋವಿಗೆ ರಾಜೇಶ್ವರದ ಮಾಸ್ತರರದು. ಹೆದ್ದಾರಿಗೆ 65 ಎಂಬ ಹೊಸ ನಂಬರು ಬಂದು ವರ್ಷಗಳಾದರೂ ಕಾಕಾನ ಬಾಯಲ್ಲಿ ಅದಿನ್ನೂ ‘ನಂಬರ್ ಒಂಬತ್ತು’. ಮದ್ದಿಗೂ ಅದೇ ನಿಯಮ.

ಇಂಥವರು ಓಣಿಗೊಬ್ಬರು ಇದ್ದೇ ಇರುತ್ತಾರೆ. ಕಲ್ಯಾಣದಲ್ಲಂತೂ ಯಾರೂ ಆಕ್ಷೇಪಿಸುವಂತಿಲ್ಲ. ಅನುಭವ ಹೇಳಿಕೊಳ್ಳಲೆಂದೇ 12ನೇ ಶತಮಾನದಲ್ಲಿ ಮಂಟಪ ಇದ್ದ ಊರು. ವ್ಯತ್ಯಾಸ ಇಷ್ಟೇ: ಶರಣರು ತಮ್ಮ ಅನುಭವ ಹೇಳಿದರು, ಕಾಕಾ ಮಂದಿಯದು ಹೇಳುತ್ತಾರೆ.

ನನ್ನ ಬುದ್ಧಿಹಲ್ಲು ಅಡ್ಡಡ್ಡ ಬೆಳೆದಿತ್ತು. ಹುಮನಾಬಾದಿಗೆ ಹೋಗಿ ಕೀಳಿಸಿಕೊಂಡೆ. ಡಾಕ್ಟರು ಗಾಯದ ಮೇಲೆ ಬಟ್ಟೆ ಕಚ್ಚಿಸಿ, ಕೇಳುವವನು ಮಾತಾಡಲಾರ ಎಂಬ ಧೈರ್ಯದಲ್ಲಿ, ನಿಧಾನವಾಗಿ ಎಲ್ಲ ಹೇಳಿದರು. ಇವತ್ತು ಕೆನ್ನೆಗೆ ಹೊರಗಿನಿಂದ ಬರ್ಫ: ಇಪ್ಪತ್ತು ನಿಮಿಷ ಇಡಿ, ಇಪ್ಪತ್ತು ನಿಮಿಷ ಬಿಡಿ. ಇವತ್ತು ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎಲುಬು ಬಯಲಾಗಿ ಪ್ರಾಣ ಹಿಂಡುತ್ತದೆ. ನಾಳೆಯಿಂದ ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು. ಬಾವು ಎರಡು–ಮೂರನೆಯ ದಿನಕ್ಕೆ ಹೆಚ್ಚೇ ಆಗುತ್ತದೆ, ಅದಕ್ಕೆ ಹೆದರಬೇಡಿ. ಆಮೇಲೂ ಏರುತ್ತಿದ್ದರೆ, ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ ತಡಮಾಡದೆ ಬನ್ನಿ. ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಬೇಡಿ.

ನಾನು ತಿಂದೆ. ಬಟ್ಟೆ ತೆಗೆದ ಕೂಡಲೇ, ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡಿದ್ದ ಮಿರ್ಚಿಭಜಿ. ರುಚಿ ಹತ್ತಲಿಲ್ಲ, ಮೆತ್ತಗಿದೆ ಎಂದಷ್ಟೇ ಅನಿಸಿತು. ಮರವು ಬಿಟ್ಟ ಮೇಲೆ ತಿಳಿಯಿತು, ಆ ಮೆತ್ತನೆಯದರಲ್ಲಿ ಅರ್ಧ ನನ್ನದೇ ಕೆನ್ನೆ.

ಮೂರನೆಯ ದಿನ ಕನ್ನಡಿಯಲ್ಲಿ ನನ್ನ ಎಡಗೆನ್ನೆ ಬೇರೆ ಯಾರದೋ ಮನೆಯದಾಗಿತ್ತು. ಅದೇ ಹೊತ್ತಿಗೆ ಕಾಕಾ ಬಂದರು.

“ಬಾಯಿ ತೆಗಿ ತಮ್ಮಾ.”

ಒಂದು ಬೆರಳು ಹೋಗದಷ್ಟು ಬಿಗಿದ ಬಾಯಿ. ಮೊಬೈಲ್ ಬ್ಯಾಟ್ರಿ ಹಚ್ಚಿ ಒಳಗೆ ಇಣುಕಿದರು. ನೋಡಿದ್ದು ಅವರೊಬ್ಬರಿಗೇ ಸಾಲಲಿಲ್ಲ. ಪಕ್ಕದ ಮನೆಯವರನ್ನು ಕರೆದರು, ಅವರ ಹಿಂದೆ ಹಾಲಿನವನು, ಅವನ ಹಿಂದೆ ಶಾಲೆಗೆ ಹೊರಟಿದ್ದ ಇಬ್ಬರು ಹುಡುಗರು. ಬಾಗಿಲಲ್ಲಿ ಗದ್ದಲವಾಯಿತು. “ನೋಡಿದವರು ಮುಂದ ನಡೀರಿ, ಮುಂದ ನಡೀರಿ, ಜಾಗ ಅದಾ,” ಎಂದು ಕಾಕಾ ಹಳೆಯ ದನಿಯಲ್ಲಿ ಕೂಗಿದರು. ಸೀಟಿ ಊದುವುದೊಂದು ಬಾಕಿ. ನಾನು ಏನನ್ನೋ ಹೇಳಲು ಹೋದೆ, ಹೊರಬಂದದ್ದು ‘ಹ್ಹ’ ಮಾತ್ರ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು.

“ಬರ್ಫ ಇಟ್ಟಿಯೇನು? ಹಂಗಾದ್ರ ಬಾವು ಒಳಗ ಗಟ್ಟಿ ಆಗ್ತದ. ರಾಜೇಶ್ವರದ ಮಾಸ್ತರಗ ಹಿಂಗೇ ಆಗಿತ್ತು. ಲವಂಗದ ಎಣ್ಣಿ, ಒಂದ ದಿನ, ಖಲಾಸ್.”

ಮಾಸ್ತರೋ ನೋವೋ ಯಾವುದು ಖಲಾಸ್ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಒಸಡಿಗೂ ಕೆನ್ನೆಗೂ ನಡುವೆ ತುರುಕಿದರು. ಮರುದಿನ ಅಲ್ಲಿ ಬೆಂದು ಬೆಳ್ಳಗಾದ ಇನ್ನೊಂದು ಹುಣ್ಣು. ಲವಂಗದ ಎಣ್ಣೆಯ ಸತ್ವ ಹಲ್ಲಿನ ಡಾಕ್ಟರರ ಕಪಾಟಿನಲ್ಲೂ ಇರುತ್ತದೆ, ಆದರೆ ಅವರು ಸತುವಿನ ಪುಡಿಯಲ್ಲಿ ಅಳತೆಯಿಂದ ಕಲಸಿ ಹಲ್ಲಿನ ಕುಳಿಗೆ ತುಂಬುತ್ತಾರೆ. ಅಪ್ಪಟ ಎಣ್ಣೆ ಎಳೆಯ ಚರ್ಮವನ್ನು ಸುಡುತ್ತದೆ. ಫೋನಿನಲ್ಲಿ ಇದನ್ನು ಹೇಳಿ ಡಾಕ್ಟರು ನಕ್ಕರು. ಹೀಗೆ ಲೆಕ್ಕ ಚುಕ್ತಾ ಆಯಿತು: ಬಾವು ಡಾಕ್ಟರರದು, ಒಂದು ಹುಣ್ಣು ನನ್ನದು, ಒಂದು ಕಾಕಾನದು. ಎರಡು ವಾರದಲ್ಲಿ ಮಾಯುತ್ತವೆ, ಮೂರು ವಾರ ಮೀರಿ ಉಳಿಯುವ ಹುಣ್ಣನ್ನು ಮಾತ್ರ ಯಾರೇ ಆಗಲಿ ತೋರಿಸಲೇಬೇಕು ಎಂದೂ ಹೇಳಿದರು.

ಸಿಟ್ಟು ಬಂದಿತ್ತು. ಆದರೆ ದಿನಾ ಮಧ್ಯಾಹ್ನ ಕಾಕಿ ಮಾಡಿದ ಅಂಬಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದು, ಆರಿದೆಯೇ ಎಂದು ಬೆರಳಿನಿಂದ ಡಬ್ಬಿ ಮುಟ್ಟಿ ನೋಡಿ ಕೊಡುತ್ತಿದ್ದವರೂ ಅವರೇ. ರೊಟ್ಟಿ ಅಗಿಯಲಾಗದ ನಾನು ಆ ವಾರ ಬದುಕಿದ್ದು ಅದರ ಮೇಲೆ. ಅಂಬಲಿ ಕುಡಿಯುತ್ತಾ ಸಿಟ್ಟು ಮಾಡುವುದು ಕಷ್ಟ.

ಎಂಟನೆಯ ದಿನ ನನಗೆ ಮಾತು ಬಂತು. ಉಪ್ಪುನೀರು ಮುಕ್ಕಳಿಸುವ ‘ಖರೇ ರೀತಿ’ ತೋರಿಸಲೆಂದು ಕಾಕಾ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಅಂಗೈಗೆ ತೆಗೆದುಕೊಂಡರು. ತಂಬಾಕು ಇಡುವ ಕಡೆ, ಕೆನ್ನೆಯ ಒಳಗೆ, ಅಂಚು ಬೆಳ್ಳಗಾದ ಒಂದು ಹುಣ್ಣು.

“ಕಾಕಾ, ಇದು ಎಂದಿನಿಂದ ಅದಾ?”

“ಅದಾ? ಏನಿಲ್ಲ ಬಿಡು. ವೀರಭದ್ರ ಜಾತ್ರಿಯಾಗ ಆಗಿತ್ತು. ನೋವಿಲ್ಲಲ್ಲ.”

ಜಾತ್ರೆ ಜನವರಿಯಲ್ಲಿ. ಯುಗಾದಿ ಆಗಿಹೋಗಿತ್ತು. ಏನು ಹಚ್ಚಿದಿರಿ ಎಂದು ಕೇಳಿದೆ. ಏನೂ ಇಲ್ಲ ಅಂದರು. ಅಷ್ಟು ಸ್ಟಾಪುಗಳ ಮದ್ದು ಕೂಡಿಟ್ಟವರು ತಮ್ಮ ಬಾಯಿಗೆ ಒಂದನ್ನೂ ಹಚ್ಚಿಕೊಂಡಿರಲಿಲ್ಲ.

“ಬಾಯಿ ತೆಗಿರಿ,” ಎಂದೆ. ನನ್ನ ಮೊಬೈಲಿನ ಬ್ಯಾಟ್ರಿ ಹಚ್ಚಿದೆ. ಪಕ್ಕದ ಮನೆಯವರನ್ನು ಕರೆಯಲಿಲ್ಲ.

ಒಪ್ಪಿಸಲು ಎರಡು ದಿನ ಬೇಕಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಹುಡುಗ ಕಂಡಕ್ಟರ್ ಮಷೀನಿನಿಂದ ಟಿಕೆಟ್ ತೆಗೆದುಕೊಟ್ಟ. ಕಾಕಾ ಎಂದಿನಂತೆ ಅದನ್ನು ಬೈಯಲಿಲ್ಲ. ಸಸ್ತಾಪುರ ಬಂಗ್ಲಾ ದಾಟಿತು, ಕಾಕಾ ಮಾತಿಲ್ಲ. ಅಂಗಿಯ ಜೇಬಿನಲ್ಲಿ ತಂಬಾಕಿನ ಚೀಟು ಇದೆಯೇ ಎಂದು ಎರಡು ಸಲ ಮುಟ್ಟಿನೋಡಿ ಕೈ ಹಿಂದೆ ತೆಗೆದುಕೊಂಡರು.

ರಾಜೇಶ್ವರದಲ್ಲಿ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕೆನ್ನೆ ಒತ್ತಿ ಹಿಡಿದುಕೊಂಡು ಹತ್ತಿದಳು. ಕಾಕಾ ಸರಿದು ಜಾಗ ಮಾಡಿಕೊಟ್ಟರು. ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಅವಳ ಕಡೆ ಬಾಗಿ,

“ಹಲ್ಲೇನವ್ವಾ?” ಅಂದರು.