ಭಾವನ ಹನ್ನೆರಡು ವಾಲ್ವುಗಳು

ಅಮೆರಿಕದ ಯಾವ ಊರಿನ ಕನ್ನಡಿಗರ ಮನೆಗೆ ಬೇಕಾದರೂ ಊಟಕ್ಕೆ ಹೋಗಿ, ಅಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ನಿಮ್ಮ ಕ್ಷೇಮ ಸಮಾಚಾರ ಅವರಿಗೆ ಬೇಡ. ಕೋಸಂಬರಿಯ ತಟ್ಟೆ ಹಿಡಿದುಕೊಂಡೇ ಕಿಟಕಿಯ ಪರದೆ ಸರಿಸಿ, ನೀವು ನಿಲ್ಲಿಸಿ ಬಂದ ಕಾರನ್ನು ನೋಡಿ, "ಎಷ್ಟು ಓಡಿದೆ?" ಎನ್ನುತ್ತಾರೆ. ಹೇಳಿದರೆ ಹುಬ್ಬು ಗಂಟಿಕ್ಕುತ್ತಾರೆ, ಹೇಳದಿದ್ದರೂ ಗಂಟಿಕ್ಕುತ್ತಾರೆ. ಹೊರಡುವಾಗ ಬಾಗಿಲವರೆಗೂ ಬಂದು ನಿಲ್ಲುವುದು ನಿಮ್ಮನ್ನು ಬೀಳ್ಕೊಡಲು ಅಂದುಕೊಳ್ಳಬೇಡಿ. ನಿಮ್ಮ ಎಂಜಿನ್ನು ಸ್ಟಾರ್ಟ್ ಆಗುವ ಸದ್ದು ಕೇಳಲು. ಇಂಥವರು ಸಮಾಜಕ್ಕೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅವರಲ್ಲೊಬ್ಬರು ನಿಮ್ಮ ಅಕ್ಕನ ಗಂಡನಾದರೆ ಆ ಸಮಾಜಸೇವೆಯ ಪೂರ್ತಿ ಭಾರ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಭಾವ ಈ ಕುಲದ ಒಂದು ವಿಶೇಷ ಶಾಖೆಗೆ ಸೇರಿದವರು. ಬೇರೆ ಕಾರು ಹುಚ್ಚರು ಬಣ್ಣಕ್ಕೋ ಟೈರಿಗೋ ಸೈಲೆನ್ಸರಿನ ಗುಡುಗಿಗೋ ಮರುಳಾಗುತ್ತಾರೆ. ಭಾವನ ಜೀವವೆಲ್ಲ ಎಂಜಿನ್ನಿನೊಳಗೆ, ಯಾರ ಕಣ್ಣಿಗೂ ಬೀಳದ ಒಂದು ಜಾಗದಲ್ಲಿದೆ: ಇನ್‌ಟೇಕ್ ವಾಲ್ವಿನ ಬೆನ್ನಿಗೆ ಕಟ್ಟುವ ಕರೀ ಜಿಡ್ಡಿನಲ್ಲಿ. ಕಾರು ಸೆಕೆಂಡ್ ಹ್ಯಾಂಡು, 2007ರ ಮಾಡೆಲ್ಲು, ಜರ್ಮನಿಯದು; ಆರು ಸಿಲಿಂಡರು, ಸಿಲಿಂಡರಿಗೆ ಎರಡರಂತೆ ಹನ್ನೆರಡು ಇನ್‌ಟೇಕ್ ವಾಲ್ವು. ಕಂಪನಿಯ ಹೆಸರು ಬರೆಯುವುದಿಲ್ಲ. ಅದನ್ನು ಬೈಯುವ ಹಕ್ಕನ್ನು ಭಾವ ತಾವೊಬ್ಬರೇ ಇಟ್ಟುಕೊಂಡಿದ್ದಾರೆ.

ವಿಷಯ ಏನೆಂದು ಅವರ ಬಾಯಲ್ಲೇ ಕೇಳಬೇಕು. "ನೋಡೋ, ಹಳೇ ಇಂಜೆಕ್ಷನ್ ಎಂಜಿನ್ನಲ್ಲಿ ಪೆಟ್ರೋಲನ್ನ ವಾಲ್ವಿನ ಬೆನ್ನ ಮೇಲೇ ಸಿಂಪಡಿಸ್ತಿದ್ರು. ಪ್ರತಿ ಸಲವೂ ತೊಳೆದು ಹೋಗ್ತಿತ್ತು. ಡೈರೆಕ್ಟ್ ಇಂಜೆಕ್ಷನ್ ಬಂದ ಮೇಲೆ ಪೆಟ್ರೋಲು ನೇರವಾಗಿ ಸಿಲಿಂಡರಿನ ಒಳಕ್ಕೇ. ವಾಲ್ವನ್ನ ಮುಟ್ಟೋದೇ ಇಲ್ಲ. ಆದರೆ ಎಂಜಿನ್ನಿನ ಹೊಟ್ಟೇಲಿ ಏಳೋ ಎಣ್ಣೆಯ ಆವಿ ಇದೆಯಲ್ಲ, ಅದನ್ನ ಹೊರಗೆ ಬಿಡೋ ಹಾಗಿಲ್ಲ, ಕಾನೂನು. ಮತ್ತೆ ಒಳಕ್ಕೇ ಎಳೆಸ್ತಾರೆ. ಅದು ಬಂದು ಬಿಸಿ ವಾಲ್ವಿಗೆ ಅಂಟಿ ಸುಟ್ಟು ಗಟ್ಟಿಯಾಗತ್ತೆ. ದಿನಾ ಎಣ್ಣೆ ಹಚ್ಚೋರಿದ್ದಾರೆ, ಸೀಗೇಪುಡಿ ಹಾಕಿ ತೊಳೆಯೋರಿಲ್ಲ. ಇನ್ನೆಂಥಾ ಅಭ್ಯಂಜನ ಅದು?" ಇದನ್ನು ಹೇಳುವಾಗ ಅವರ ದನಿಯಲ್ಲಿ ಅನಾಥ ಮಗುವಿನ ಬಗ್ಗೆ ಮಾತಾಡುವವರ ಕಂಪನವಿರುತ್ತದೆ.

ಹಾಗಾದರೆ ಈ ಡೈರೆಕ್ಟ್ ಇಂಜೆಕ್ಷನ್ನಿನ ಉಸಾಬರಿ ಯಾಕೆ ಬೇಕಿತ್ತು ಎಂದು ಕೇಳಿದರೆ ಕೆಟ್ಟಿರಿ. 1954ರ ಮರ್ಸಿಡಿಸ್ 300 ಎಸ್‌ಎಲ್‌ನಿಂದ ಶುರುವಾಗುತ್ತದೆ, 1996ರಲ್ಲಿ ಮಿತ್ಸುಬಿಷಿಯವರ ಹತ್ತಿರ ಒಂದು ಗುಟುಕು ನೀರಿಗೆ ನಿಂತು, 2001ರಲ್ಲಿ ಆಡಿಯವರು ಈ ವಿದ್ಯೆಯಿಂದಲೇ ಲ ಮಾನ್ಸ್ ರೇಸು ಗೆದ್ದಲ್ಲಿಗೆ ಬರುತ್ತದೆ. ಸಿಲಿಂಡರಿನೊಳಗೇ ಆವಿಯಾಗುವ ಪೆಟ್ರೋಲು ಒಳಗಿನ ಕಾವನ್ನು ಇಳಿಸುತ್ತದಂತೆ, ಹಾಗಾಗಿ ಹೆಚ್ಚು ಒತ್ತಡ, ಹೆಚ್ಚು ಶಕ್ತಿ, ಮೈಲೇಜೂ ಉಂಟು. ಕಥೆಯ ದುರಂತ ನಾಯಕ ಆಡಿ ಆರ್‌ಎಸ್ 4: 4.2 ಲೀಟರಿನ ವಿ8, 420 ಅಶ್ವಶಕ್ತಿ, ನಿಮಿಷಕ್ಕೆ 8,250 ಸುತ್ತಿನವರೆಗೆ ಏರುವ ಎಂಜಿನ್ನು. ಮಸಿ ಕಟ್ಟುತ್ತಾ ಹೋದ ಹಾಗೆ ಆ ಕುದುರೆಗಳಲ್ಲಿ ಒಂದಷ್ಟು ಲಾಯದಿಂದ ಕಾಣೆಯಾಗುತ್ತಿವೆ ಎಂದು ಅದರ ಮಾಲೀಕರೆಲ್ಲ ಗೋಳಾಡಿದ್ದು ಜಗಜ್ಜಾಹೀರು. ಇಲ್ಲಿಗೆ ಬರುವ ಹೊತ್ತಿಗೆ ಸಾರು ಆರಿರುತ್ತದೆ.

ನನ್ನದು 2018ರ ಟೊಯೋಟಾ ಕ್ಯಾಮ್ರಿ. ಟೊಯೋಟಾದವರು ಪೋರ್ಟಿನಲ್ಲೊಂದು, ಸಿಲಿಂಡರಿನಲ್ಲೊಂದು, ಹೀಗೆ ಎರಡೆರಡು ಇಂಜೆಕ್ಟರು ಇಟ್ಟು ಈ ತಕರಾರನ್ನೇ ಇಲ್ಲವಾಗಿಸಿದ್ದಾರೆ. ಇದು ನನಗೆ ಗೊತ್ತಿರಲಿಲ್ಲ; ಬಾಗಿಲು ನಾಲ್ಕಿದೆಯೆಂದು ಕೊಂಡಿದ್ದೆ. ಭಾವ ಬಾನೆಟ್ ಎತ್ತಿ ನೋಡಿ, ಮುಚ್ಚಿ, ಕೈ ಒರೆಸಿಕೊಂಡರು. "ಈ ಕಾರಿಗೆ ಏನೂ ಬರಲ್ಲ. ಓಡಿಸೋನಿಗೂ ಏನೂ ಬರಲ್ಲ."

ಚಿಕ್ಕ ಓಡಾಟ ಎಂಜಿನ್ನಿಗೆ ಒಳ್ಳೆಯದಲ್ಲ, ಅದು ಪೂರ್ತಿ ಕಾಯುವ ಮೊದಲೇ ಆರಿಸಿಬಿಟ್ಟರೆ ಒಳಗೆ ಆವಿ ನಿಂತು ಜಿಡ್ಡು ಬೇಗ ಬೆಳೆಯುತ್ತದೆ. ಆದ್ದರಿಂದ ಅಕ್ಕ ಓಕ್ ಟ್ರೀ ರೋಡಿನ ಅಂಗಡಿಯಿಂದ ಮೊಸರು ತನ್ನಿ ಎಂದರೆ ಭಾವ ಇಂಟರ್‌ಸ್ಟೇಟ್ 287 ಹತ್ತಿ ಮಾರಿಸ್‌ಟೌನಿನವರೆಗೆ ಹೋಗಿ, ಅಲ್ಲಿಂದ ತಿರುಗಿ, ಆಮೇಲೆ ಮೊಸರು ತರುತ್ತಾರೆ. ಬೇಸಿಗೆಯಲ್ಲಿ ಅದು ಮನೆ ಮುಟ್ಟುವಾಗ ಸಾಕಷ್ಟು ಹುಳಿಯಾಗಿರುತ್ತದೆ. ಅಕ್ಕ ಈಗ ಮಜ್ಜಿಗೆಹುಳಿ ಮಾಡುವ ದಿನ ಮಾತ್ರ ಅವರನ್ನು ಕಳಿಸುತ್ತಾಳೆ.

ಪೆಟ್ರೋಲ್ ಬಂಕಿನ ಕಥೆ ಬೇರೆ. ಅಮೆರಿಕದಲ್ಲಿ ನಮ್ಮ ಕೈಯಾರೆ ಪೆಟ್ರೋಲು ಹಾಕಿಕೊಳ್ಳಲು ಬಿಡದ ಒಂದೇ ರಾಜ್ಯ ನ್ಯೂಜೆರ್ಸಿ. ಅಲ್ಲಿನ ಪಾಪದ ಹುಡುಗ "ಎಂಜಿನ್ ಕ್ಲೀನರ್ ಬಾಟ್ಲಿ ಬೇಕಾ ಸಾರ್?" ಎಂದುಬಿಟ್ಟರೆ ಹಿಂದಿನ ಕಾರುಗಳು ಹಾರ್ನ್ ಮಾಡುತ್ತಲೇ ಇರಬೇಕು. ಪೆಟ್ರೋಲೇ ಮುಟ್ಟದ ವಾಲ್ವನ್ನು ಪೆಟ್ರೋಲಿಗೆ ಸುರಿದ ಔಷಧಿ ಮುಟ್ಟುವುದು ಹೇಗೆ ಎಂಬುದು ಭಾವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಹುಡುಗನಿಗೆ ಗಂಟೆಗೆ ಕೊಡುವ ಸಂಬಳದಲ್ಲಿ ಅದಕ್ಕೆ ಉತ್ತರ ಸೇರಿಲ್ಲ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಫೋಟೋ. ಎಂಜಿನ್ನಿನೊಳಗೆ ತೂರಿಸುವ ಕೊಳವೆ ಕ್ಯಾಮೆರಾ ಒಂದನ್ನು ಭಾವ ತರಿಸಿಕೊಂಡಿದ್ದಾರೆ. ಜನ ಫೋನಿನಲ್ಲಿ ಮೊಮ್ಮಕ್ಕಳ ಚಿತ್ರ ತೋರಿಸುವ ಕಡೆ ಇವರು ವಾಲ್ವುಗಳನ್ನು ತೋರಿಸುತ್ತಾರೆ. ಮೊನ್ನೆ ಒಂದು ನಾಮಕರಣದಲ್ಲಿ ಇವರ ಪಕ್ಕದ ಎಲೆಗೆ ಬಂದು ಕೂತವರು ಹೊಟ್ಟೆಯ ಕಾಯಿಲೆಗಳ ಹಿರಿಯ ವೈದ್ಯರು. ಭಾವ ಫೋನ್ ಮುಂದೆ ಹಿಡಿದರು. ಕತ್ತಲೆ ಸುರಂಗ, ಒದ್ದೆ ಹೊಳಪು, ನಡುವೆ ಕಪ್ಪು ಗಂಟುಗಂಟು. ವೈದ್ಯರು ಕನ್ನಡಕ ಏರಿಸಿದರು.

"ಅಯ್ಯಯ್ಯೋ, ಬಹಳ ಮುಂದುವರೆದಿದೆಯಲ್ಲ!"

ತಮ್ಮ ಸಂಕಟ ತಿಳಿಯುವವರೊಬ್ಬರು ಕೊನೆಗೂ ಸಿಕ್ಕರೆಂದು ಭಾವನ ಮುಖ ಅರಳಿತು. "ನಾನೂ ಅದನ್ನೇ ಹೇಳ್ತಿರೋದು ಡಾಕ್ಟ್ರೇ. ಮನೇಲಿ ಯಾರೂ ನಂಬಲ್ಲ."

"ಬೆಳಗ್ಗೆ ಎದ್ದಾಗ ಹೇಗೆ?"

"ಅದೇ ಕಷ್ಟ. ಥಂಡಿ ಇದ್ರಂತೂ ಮೈಯೆಲ್ಲ ನಡುಕ. ಒಂದೈದು ನಿಮಿಷ ಕೆಮ್ಮಿ ಕೆಮ್ಮಿ ಆಮೇಲೆ ಸರಿಹೋಗತ್ತೆ."

"ಎಣ್ಣೆ?" ವೈದ್ಯರು ದನಿ ತಗ್ಗಿಸಿದರು.

"ಸ್ವಲ್ಪ ಜಾಸ್ತೀನೇ. ಇವರ ವಂಶದಲ್ಲೇ ಇದೆ ಅದು."

"ಎಷ್ಟಾಗಬಹುದು?"

"ಒಂದು ಕ್ವಾರ್ಟ್."

ವೈದ್ಯರಿಗೆ ಕ್ವಾರ್ಟರ್ ಎಂದು ಕೇಳಿಸಿರಬೇಕು, ಮುಖ ತುಸು ಸಡಿಲವಾಯಿತು. "ದಿನಕ್ಕಾ?"

"ಛೆ ಛೆ, ಸಾವಿರ ಮೈಲಿಗೆ."

ಚಿರೋಟಿ ಬಡಿಸುವವರು ಬಂದರು. ವೈದ್ಯರು ಬಹಳ ಹೊತ್ತು ಮಾತಾಡಲಿಲ್ಲ.

ಈ ಫೋಟೋಗಳ ಕೊನೆಯ ಪರಿಣಾಮವೇ ಅಕ್ರೋಟು. ಈ ಜಿಡ್ಡನ್ನು ತೆಗೆಯಲು ಜಗತ್ತು ಕಂಡುಕೊಂಡಿರುವ ಮದ್ದು ಅಕ್ರೋಟಿನ ಚಿಪ್ಪಿನ ಪುಡಿ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಕಂಪ್ರೆಸರಿನ ಗಾಳಿಯಲ್ಲಿ ಆ ಪುಡಿಯನ್ನು ವಾಲ್ವಿಗೆ ರಭಸದಿಂದ ಹೊಡೆಯುತ್ತಾರೆ. ಜಿಡ್ಡು ಎದ್ದುಬರುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಹೊಡೆಯುವ ವಾಲ್ವು ಮಾತ್ರ ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಪುಡಿ ಸಿಲಿಂಡರಿಗೆ ಬೀಳುತ್ತದೆ. ಹಾಗಾಗಿ ಒಂದೊಂದು ಸಿಲಿಂಡರಿಗೂ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಬೇಕು. ಭಾವ ಇದನ್ನು ಗ್ಯಾರೇಜಿಗೆ ಒಪ್ಪಿಸಲಿಲ್ಲ. ವ್ಯಾಕ್ಯೂಮಿನ ಕೊಳವೆ ಹಿಡಿದು ನಿಲ್ಲಲು ನಾನಿದ್ದೆನಲ್ಲ. ಮೂಟೆಯ ಮೇಲೆ ಅಕ್ರೋಟು ಎಂದಿದ್ದನ್ನು ಓದಿ ಅಕ್ಕ ಬರ್ಫಿಗೆಂದು ಸಕ್ಕರೆ ಅಳೆದಿಟ್ಟಿದ್ದಳು. ಕತ್ತರಿಸಿ ನೋಡಿ, "ಬರೀ ಚಿಪ್ಪು! ರೀ, ತಿರುಳು ಯಾರಿಗೆ ಕೊಟ್ರಿ?" ಎಂದಳು. ಆ ಪ್ರಶ್ನೆಯನ್ನು ಇವತ್ತಿಗೂ ಅವಳು ಹಿಂತೆಗೆದುಕೊಂಡಿಲ್ಲ.

ಅವತ್ತು ನಾಲ್ಕನೇ ಸಿಲಿಂಡರಿನ ಹೊತ್ತಿಗೆ ನನ್ನ ಮೂಗಿನೊಳಗೂ ಅಕ್ರೋಟಿತ್ತು. ಬೈಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಭಾವ ತಾವಾಗಿಯೇ ಅವರಪ್ಪನ ಯೆಜ್ಡಿಯ ಮಾತು ತೆಗೆದರು. ಮೈಸೂರು, ಯಾದವಗಿರಿ, ಜಾವಾ ಕಾರ್ಖಾನೆಯ ಸೈರನ್ ಕೇಳುವಷ್ಟು ಹತ್ತಿರದ ವಠಾರ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವುದು, ಆದ್ದರಿಂದ ಸೈಲೆನ್ಸರಿನ ತುಂಬ ಮಸಿ. ಭಾನುವಾರ ಅವರಪ್ಪ ಎರಡೂ ಸೈಲೆನ್ಸರು ಬಿಚ್ಚಿ, ಒಳಗಿನ ಕೊಳವೆಯನ್ನು ಬೆಂಕಿಗೆ ಹಿಡಿದು ತಟ್ಟಿ ತಟ್ಟಿ ಉದುರಿಸುತ್ತಿದ್ದರಂತೆ. ಮನೆಯಲ್ಲಿ ಹೆಚ್ಚು ಮಾತಿಲ್ಲದ ಮನುಷ್ಯ, ಆ ಎರಡು ಗಂಟೆ ಮಾತ್ರ ಮಗನ ಜೊತೆ ಮಾತಾಡುತ್ತಿದ್ದರು: ಸ್ಪ್ಯಾನರ್ ಕೊಡು, ಆ ಕಡೆ ಹಿಡಿ, ನೋಡು ಎಷ್ಟು ಬಂತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಯೂ ಯಾರಿಗೋ ಹೋಯಿತು. ಒಂದು ವಸ್ತುವನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವಷ್ಟು ಪುರುಸೊತ್ತು ಈಗ ಯಾರಿಗಿದೆ, ಕೆಟ್ಟರೆ ಬಿಸಾಕುವ ಕಾಲದಲ್ಲಿ ಇಂಥವರು... ಎಂದೆಲ್ಲ ನಾನು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದಾಗ ಭಾವ ಗದರಿದರು: "ಕೊಳವೆ ನೆಟ್ಟಗೆ ಹಿಡಿಯೋ!"

ಎಲ್ಲ ಜೋಡಿಸಿ ಟರ್ನ್‌ಪೈಕಿನಲ್ಲಿ ಓಡಿಸಿದೆವು. "ಗೊತ್ತಾಯ್ತಾ ವ್ಯತ್ಯಾಸ?" ಎಂದರು. ನನಗೆ ಏನೂ ಗೊತ್ತಾಗಲಿಲ್ಲ. "ಹಾರಿಕೊಂಡು ಹೋಗ್ತಿದೆ ಭಾವ" ಎಂದೆ. ಅಕ್ಕನ ಸಂಸಾರ ಚೆನ್ನಾಗಿರಲಿ ಅಂತ.

ಕಳೆದ ವಾರ ಆ ವೈದ್ಯರೇ ಫೋನ್ ಮಾಡಿದ್ದರು. ಅವರದೂ ಜರ್ಮನ್ ಕಾರಂತೆ. ಬೆಳಗ್ಗೆ ಥಂಡಿಯಲ್ಲಿ ನಡುಗುತ್ತದಂತೆ, ಕೆಮ್ಮುತ್ತದಂತೆ. ಭಾವ ಫೋನನ್ನು ಸ್ಪೀಕರಿಗೆ ಹಾಕಿ, ಎದುರಿಗೆ ಕಾಗದ ಇಟ್ಟುಕೊಂಡು, ವಯಸ್ಸಿನಿಂದ ಹಿಡಿದು ಎಲ್ಲ ವಿಚಾರಿಸಿ ಬರೆದುಕೊಂಡರು. "ಎಣ್ಣೆ?" ಎಂದು ಕೇಳುವಾಗ ದನಿ ತಾನಾಗಿ ತಗ್ಗಿತು. ನಾಳೆ ಸ್ಟಾರ್ಟ್ ಮಾಡಬೇಡಿ, ತಣ್ಣಗಿರುವಾಗಲೇ ನೋಡಬೇಕು, ನಾನೇ ಬರುತ್ತೇನೆ ಎಂದು ಫೋನಿಟ್ಟು, ಕ್ಯಾಮೆರಾದ ಡಬ್ಬಿ ಕೆಳಗಿಳಿಸುತ್ತಾ ನನ್ನ ಕಡೆ ತಿರುಗಿದರು.

"ಬೆಳಗ್ಗೆ ಏಳಕ್ಕೆ ಬಾ. ನಿನ್ನ ಕ್ಯಾಮ್ರಿಯಲ್ಲೇ ಹೋಗೋಣ."

"ನಿಮ್ಮದಕ್ಕೇನಾಯ್ತು ಭಾವ?"

"ಡಾಕ್ಟ್ರ ಮನೆ ಎರಡೇ ಮೈಲಿ ಕಣೋ!"