ಕೈಲಿ ಒಂದು: ಗುಣಾಕಾರದ ಶ್ರಮಮೀಮಾಂಸೆ

ಉತ್ತರ ಸರಿಯಿದೆಯೇ ಎಂದು ಕೇಳುವವರು ಪಾಮರರು. ಉತ್ತರ ಬರುವಷ್ಟರಲ್ಲಿ ಎಷ್ಟು ಬೆವರು ಹರಿಯಿತು ಎಂದು ಕೇಳುವವರು ಪಂಡಿತರು. ನಾಲ್ಕನೇ ಕ್ಲಾಸಿನಲ್ಲೇ ಪಾಮರರ ಪಂಕ್ತಿಯಿಂದ ಎಬ್ಬಿಸಲ್ಪಟ್ಟ ಈ ಲೇಖಕ ಅನಿವಾರ್ಯವಾಗಿ ಪಂಡಿತನಾದವನು. ಈ ಶಾಸ್ತ್ರದ ಮೊದಲ ಸೂತ್ರ: ದೊಡ್ಡ ಮೊತ್ತದೆದುರು ಚಿಲ್ಲರೆ ಲೆಕ್ಕಕ್ಕಿಲ್ಲ.

ಸಂಕಲನದಲ್ಲಿ ವಿವಾದವಿಲ್ಲ. ನೂರು ಅಂಕಿಗೆ ಸುಮಾರು ನೂರು ಹೆಜ್ಜೆ, ನಡುನಡುವೆ ‘ಕೈಲಿ ಒಂದು’ ಎಂಬ ಗೊಣಗಾಟ. (ಯಾವ ಕೈಲಿ ಎಂಬ ಬಗ್ಗೆ ಶಾಸ್ತ್ರಕಾರರು ಮೌನ.) ವ್ಯವಕಲನವೂ ಅಷ್ಟೇ ಅಗ್ಗ, ಪಕ್ಕದ ಮನೆಯಲ್ಲಿ ಸಾಲ ಕೇಳುವ ನಾಚಿಕೆಯೊಂದು ಹೆಚ್ಚುವರಿ.

ಗುಣಾಕಾರ ಹಾಗಲ್ಲ. ಮದುವೆಮನೆಯ ಬೀಗರಂತೆ ಈ ಕಡೆಯ ಪ್ರತಿ ಅಂಕಿಯೂ ಆ ಕಡೆಯ ಪ್ರತಿ ಅಂಕಿಗೆ ನಮಸ್ಕರಿಸಬೇಕು. ಅಂಕಿ ನೂರಾದರೆ ನಮಸ್ಕಾರ ಹತ್ತು ಸಾವಿರ. ಇದಕ್ಕಿಂತ ಗಣನೀಯವಾಗಿ ಕಡಿಮೆ ಸಾಧ್ಯವೇ ಇಲ್ಲವೆಂದು 1960ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗೋಷ್ಠಿಯಲ್ಲಿ ಗಣಿತಜ್ಞ ಕೊಲ್ಮೊಗೊರೊವ್ ಊಹಿಸಿದರು. ವಾರದೊಳಗೆ 23 ವರ್ಷದ ವಿದ್ಯಾರ್ಥಿ ಕರತ್ಸೂಬಾ ಅದನ್ನು ಕೆಡವಿದರು. ಗುರುಗಳು ಗೋಷ್ಠಿಯನ್ನೇ ಮುಗಿಸಿಬಿಟ್ಟರು. ಸಾಲದೆಂದು, 1962ರಲ್ಲಿ ಪ್ರಬಂಧದ ಬರವಣಿಗೆಯನ್ನೂ ಹೆಚ್ಚುಕಡಿಮೆ ತಾವೇ ಮಾಡಿ ಶಿಷ್ಯನ ಹೆಸರಲ್ಲಿ ಅಚ್ಚಿಗೆ ಕಳಿಸಿದರು. ಶಿಷ್ಯರಿಗೆ ಗೊತ್ತಾದದ್ದು ಅಚ್ಚಾದ ಪ್ರತಿ ಕೈಸೇರಿದಾಗ. ಇದರ ತಿರುಗಾಮುರುಗಾ ಪದ್ಧತಿ ನಮ್ಮ ಸಂಶೋಧಕರಿಗೆ ಚಿರಪರಿಚಿತ.

ಕರತ್ಸೂಬಾ ಪದ್ಧತಿಯ ಪ್ರಯೋಗಕ್ಕೆ ಮಗಳ ಮದುವೆಯ ಹೋಳಿಗೆಯನ್ನೇ ಆಯ್ದುಕೊಂಡೆ: ಬೆಲ್ಲ 47 ಕೆಜಿ, ಕೆಜಿಗೆ 86 ರೂಪಾಯಿ. ನಾಲ್ಕೆಂಟ್ಲ 32. ಏಳಾರ್ಲ 42. ಆಮೇಲೆ 4ಕ್ಕೆ 7, 8ಕ್ಕೆ 6 ಕೂಡಿಸಿ 11ನ್ನು 14ರಿಂದ ಗುಣಿಸಿದರೆ 154. ಅದರಲ್ಲಿ 32, 42 ಕಳೆದರೆ 80. ಕೊನೆಗೆ 3200, 800, 42. ನಾಲ್ಕು ಗುಣಾಕಾರದ ಜಾಗದಲ್ಲಿ ಮೂರೇ! ಉಳಿದದ್ದೆಲ್ಲ ಕೂಡುವುದು, ಕಳೆಯುವುದು. ಅದು ಅಗ್ಗವೆಂದು ಮೇಲೆಯೇ ಸಾಧಿಸಿದ್ದೇನೆ. ದೊಡ್ಡ ಸಂಖ್ಯೆಯನ್ನು ಹೀಗೆ ಒಡೆಯುತ್ತಲೇ ಹೋದರೆ ಶ್ರಮದ ಘಾತ 2ರಿಂದ ಸುಮಾರು 1.585ಕ್ಕೆ ಇಳಿಯುತ್ತದೆ.

2019ರಲ್ಲಿ ಗಣಿತಜ್ಞರಾದ ಹಾರ್ವೆ ಮತ್ತು ವಾನ್ ಡರ್ ಹೂವೆನ್ ಇನ್ನೂ ಕೆಳಗಿಳಿಸಿದರು: ಅಂಕಿಗಳ ಸಂಖ್ಯೆ ಗುಣಿಸು ಅದರ ಲಾಗರಿದಮ್, ಅಷ್ಟೇ. ಅವರ ಸಾಧನೆಯಲ್ಲಿ 1729 ಆಯಾಮಗಳಿವೆ, ರಾಮಾನುಜನ್ ಅವರ ಕತೆಯಲ್ಲಿ ಬರುವ ಟ್ಯಾಕ್ಸಿಯ ಅದೇ 1729. ಆದರೆ ಈ ವಾಹನ ಹತ್ತಬೇಕಾದರೆ ಸಂಖ್ಯೆ ಬ್ರಹ್ಮಾಂಡದಲ್ಲೂ ಬರೆಯಲಾಗದಷ್ಟು ಉದ್ದವಿರಬೇಕು. ಹೋಳಿಗೆಗೆ ಅಷ್ಟು ಬೆಲ್ಲ ಬೇಡವೆಂದು ಮನೆಯವಳು ಹೇಳಿದ್ದರಿಂದ ಆ ಪ್ರಯೋಗ ಕೈಬಿಟ್ಟೆ.

ನಾನು 154ರಿಂದ 32 ಕಳೆಯುತ್ತಿದ್ದಾಗ ಅಂಗಡಿಯವರು ಬೆಲ್ಲದ ಚೀಲ ಕಟ್ಟಿ ಮುಗಿಸಿದ್ದರು. ಕಿವಿಯ ಪೆನ್ನು ತೆಗೆಯಲೂ ಇಲ್ಲ.

“ನಾಲ್ಕು ಸಾವಿರದ ನಲವತ್ತೆರಡು ಸ್ವಾಮಿ. ಆ ನಲವತ್ತೆರಡು ಬಿಡಿ, ನಾಲ್ಕು ಸಾವಿರ ಕೊಡಿ.”