ಕಾಲುಪಾಲಿನ ರಾಯರು

ರಾಯರು ಹೋಟೆಲಿಗೆ ಕರೆದರೆ ಬೈ-ಟು ಕಾಫಿ. ಮದುವೆಮನೆಯಲ್ಲಿ ಮುಯ್ಯಿ ನೂರಾ ಒಂದು. ಮದುವೆಗೆ ಮುಂಚೆ, ಮುಂದೆ ಹೆಂಡತಿಯಾದಾಕೆಗೆ ಒಂದೂವರೆ ವರ್ಷ ದಿನಾ ಕಳಿಸಿದ್ದು ‘ಊಟ ಆಯ್ತಾ?’ ಎಂಬ ಒಂದೇ ಮೆಸೇಜು. ಕೊನೆಗೆ ಆಕೆಯೇ ಬೇಸತ್ತು ಮದುವೆಯ ಮಾತೆತ್ತಿದರಂತೆ. ತಮ್ಮ ಸಿದ್ಧಾಂತದ ಮೊದಲ ಗೆಲುವು ಅದೇ ಎಂದು ರಾಯರು ಇವತ್ತಿಗೂ ಹೇಳುತ್ತಾರೆ.

ಸಿದ್ಧಾಂತ ಪೋಕರಿನದು: ಬೆಟ್ ಯಾವಾಗಲೂ ಚಿಕ್ಕದಿರಬೇಕು. 2025ರ ಆಗಸ್ಟಿನ ಕಾನೂನು ದುಡ್ಡಿನ ಆನ್‌ಲೈನ್ ಆಟಗಳಿಗೆ ಬೀಗ ಹಾಕಿದ ಮೇಲೆ ಅವರ ವಿದ್ಯೆಗೆ ನಮ್ಮ ಮನೆಯ ಚಾಪೆಯೇ ಗತಿ. ಪಣ ಹುಣಸೆ ಬೀಜ, ಪಾಟ್ ಅಂದರೆ ಸ್ಟೀಲ್ ಬೋಗುಣಿ.

ಮೊನ್ನೆ ನೆಲದ ಮೇಲೆ ಇಸ್ಪೀಟ್ ರಾಜ, ಡೈಮಂಡ್ ಏಳು, ಕಳಾವರ್ ಎರಡು ಬಿದ್ದಿದ್ದವು. ಬೋಗುಣಿಯಲ್ಲಿ ಇಪ್ಪತ್ತು ಬೀಜ. ರಾಯರು ನಾಲ್ಕನ್ನು ಎರಡು ಬೆರಳಲ್ಲಿ ಎತ್ತಿ, ಶ್ರಾದ್ಧದ ಎಳ್ಳು ಬಿಡುವ ಹಾಗೆ ಬಿಟ್ಟರು.

“ನೋಡಿ, ಇದು ಒಣ ಬೋರ್ಡು. ಯಾರಿಗೂ ಏನೂ ತಾಗಿರಲ್ಲ. ಹದಿನೈದು ಹಾಕಿ ಓಡಿಸೋ ಕೆಲಸ ನಾಲ್ಕರಲ್ಲೇ ಆಗತ್ತೆ. ಬರೀ ಸುಳ್ಳೇ ಹೇಳಿದ್ರೂ ಆರು ಸಲಕ್ಕೆ ಒಂದ್ಸಲ ನಂಬಿದ್ರೆ ಸಾಕು, ಅಸಲು ವಾಪಸ್.”

ಲೆಕ್ಕ ಸರಿಯೇ. ಸಾಕ್ಷಿಗೆ ಲಿಬ್ರಾಟಸ್ ಬೇರೆ. 2017ರಲ್ಲಿ ಪಿಟ್ಸ್‌ಬರ್ಗಿನಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿದ ಆ ಕಂಪ್ಯೂಟರ್ ಕೂಡ ಚಿಲ್ಲರೆ ಹಾಕುತ್ತಿತ್ತಂತೆ. ಅದೇ ಯಂತ್ರ ಪಾಟಿನ ಹಲವು ಪಟ್ಟನ್ನೂ ಒಮ್ಮೆಲೇ ತಳ್ಳುತ್ತಿತ್ತು ಎಂಬ ಉಳಿದರ್ಧ ಕಥೆಯನ್ನು ರಾಯರ ಬಾಯಿಂದ ನಾನು ಕೇಳಿಲ್ಲ.

ನಾನು ಎಲೆ ಮಡಚಿದೆ. ಉಳಿದವರು ರಾಯರ ಅತ್ತೆ. “ನಾಲ್ಕು ಬೀಜಕ್ಕೆ ಯಾರು ಏಳ್ತಾರೆ? ಕಾಲು ಬೇರೆ ಹಿಡ್ಕೊಂಡಿದೆ,” ಎಂದು ನಾಲ್ಕು ಹಾಕಿದರು. ನಾಲ್ಕನೆಯ ಎಲೆ ಒಂಬತ್ತು. ರಾಯರು ಐದು, ಅತ್ತೆ ಐದು. ಐದನೆಯದು ಕಳಾವರ್ ಮೂರು. ರಾಯರು ಏಳು ಬೀಜ ಎಣಿಸಿಟ್ಟರು. ಅತ್ತೆ ಕನ್ನಡಕ ಮೇಲೇರಿಸಿ, ತಮ್ಮ ಗುಡ್ಡೆಯನ್ನೇ ಎರಡೂ ಅಂಗೈಯಲ್ಲಿ ಬಳಿದು ಮುಂದಕ್ಕೆ ತಳ್ಳಿದರು.

ರಾಯರು ಸೀಲಿಂಗ್ ಫ್ಯಾನ್ ನೋಡಿದರು. ಅತ್ತೆಯ ಮೂಗುಬೊಟ್ಟು ನೋಡಿದರು. ಕಾಫಿ ಆರಿತು. “ನೋಡೇಬಿಡ್ತೀನಿ,” ಅಂತ ಇದ್ದದ್ದನ್ನೆಲ್ಲ ಸುರಿದು ಎಕ್ಕ-ರಾಜ ತೋರಿಸಿದರು. ಅತ್ತೆಯ ಕೈಯಲ್ಲಿ ಒಂದು ಏಳು, ಒಂದು ಮೂರು. ಎರಡು ಜೋಡಿ.

“ಅದನ್ನಿಟ್ಕೊಂಡು ಯಾರಾದ್ರೂ ಕೂತಿರ್ತಾರಾ?” ರಾಯರ ಗಂಟಲು ಕಟ್ಟಿತ್ತು.

ಕೂತಿರಬೇಕು, ಸ್ವಾಮಿ. ಇಪ್ಪತ್ತೆಂಟರ ಪಾಟಿಗೆ ನಾಲ್ಕು ಅಂದರೆ ಏಳಕ್ಕೊಂದು ಅವಕಾಶವಿದ್ದರೂ ನಷ್ಟವಿಲ್ಲ. ಏಳರ ಜೋಡಿ ಹಿಡಿದವರಿಗೆ ಇನ್ನೆರಡು ಎಲೆಗಳಲ್ಲಿ ಕೈ ಸುಧಾರಿಸುವ ಅವಕಾಶ ಹೆಚ್ಚುಕಮ್ಮಿ ಐದಕ್ಕೊಂದು. ಅಷ್ಟು ಅಗ್ಗವಾಗಿ ಮಾರಿದವರು ರಾಯರೇ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ; ಅವರ ಪಾಲಿನ ಅರ್ಧ ಕಾಫಿ ನನ್ನ ಲೋಟದಲ್ಲಿತ್ತು.

“ಅತ್ತೇ, ಒಂದು ಹತ್ತು ಬೀಜ ಸಾಲ ಕೊಡ್ತೀರಾ?”

ಅತ್ತೆ ಸೆರಗಿನ ಗುಡ್ಡೆಯಿಂದ ಆರಿಸಿ ಆರಿಸಿ ಮೂರು ಬೀಜ ಅಳಿಯನ ಮುಂದಿಟ್ಟರು. “ಸದ್ಯಕ್ಕೆ ಇಷ್ಟು ತಗೊಳ್ಳಿ, ನೋಡೋಣ.”